ನಾನಿಯ ಹನ್ನೆರಡು ಮರಿ, ನಾನೂರು ರೂಪಾಯಿಯ ಪರೀಕ್ಷೆ

ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ ಡಿ.ಎನ್.ಎ. ಬಗ್ಗೆ ಬರೆಯುತ್ತಾಳೆ ಎಂದರೆ ಮೇಲಿನ ಮಹಡಿಯ ವಿಜ್ಞಾನ ವಿಭಾಗದವರು ನಗಬಹುದು. ನಗಲಿ. ನಾನು ಬರೆಯಹೊರಟಿರುವುದು ಕೋಳಿಯ ಲೆಕ್ಕ. ಆ ಲೆಕ್ಕದ ನಡುವೆ ಡಿ.ಎನ್.ಎ. ಬಂತು, ಅಷ್ಟೇ. ವಿಜ್ಞಾನದ ಭಾಗವನ್ನು ಅದೇ ಮಹಡಿಯ ಒಬ್ಬ ಗೆಳತಿಗೆ ತೋರಿಸಿ ತಿದ್ದಿಸಿಕೊಂಡಿದ್ದೇನೆ.

ನನ್ನ ನಾನಿ, ಅಂದರೆ ಅಮ್ಮಿಯ ತಾಯಿ, ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಾಮುವಿನ ಮನೆಯಲ್ಲಿದ್ದಾರೆ. ನಮ್ಮ ಚನ್ನಗಿರಿಯ ಕಡೆಯವರಿಗೆ ಜಗಳೂರಿನ ಒಣ ನೆಲ ನೋಡಿದರೆ ಆಶ್ಚರ್ಯವಾಗುತ್ತದೆ. ಇಲ್ಲಿ ಅಡಿಕೆ, ಸೂಳೆಕೆರೆಯ ನೀರು, ಅಲ್ಲಿ ಮಳೆ ಬಂದರೆ ಮೆಕ್ಕೆಜೋಳ, ಬಾರದಿದ್ದರೆ ಕುರಿ ಮತ್ತು ಕೋಳಿ. ಕಳೆದ ವರ್ಷ ನಾನಿ ಮರಿ ಮಾರುವ ಗಾಡಿಯವನಿಂದ ಹದಿನಾಲ್ಕು ಗಿರಿರಾಜ ಮರಿ ಕೊಂಡರು. ಒಂದಕ್ಕೆ 45 ರೂಪಾಯಿ. ಒಂದು ಮೊದಲ ವಾರದ ಚಳಿಗೆ ಹೋಯಿತು, ಒಂದನ್ನು ಬೆಕ್ಕು ಒಯ್ದಿತು. ಹನ್ನೆರಡು ಉಳಿದವು. ನಾನಿಯ ಯೋಜನೆ ಸರಳವಾಗಿತ್ತು: ಮೊಟ್ಟೆ ಮಾರಿ ಬಿ.ಪಿ. ಮಾತ್ರೆಗೆ ಮತ್ತು ಕೈಖರ್ಚಿಗೆ ಯಾರ ಮುಂದೆಯೂ ಕೈ ಚಾಚದೆ ಇರುವುದು. ಈ ಮಾತನ್ನು ಅವರು ಮಾಮುವಿಗೆ ಹೇಳಿರಲಿಲ್ಲ, ನನಗೆ ಮಾತ್ರ ಹೇಳಿದ್ದರು. ಈಗ ಪತ್ರಿಕೆಯಲ್ಲಿ ಬಂತು. ಮಾಮು ಕನ್ನಡ ಓದುವುದು ಕಡಿಮೆ, ಧೈರ್ಯ ಮಾಡಿದ್ದೇನೆ.

ಮೂರನೆಯ ತಿಂಗಳಿಗೆ ಜುಟ್ಟು ಕೆಂಪಾಗತೊಡಗಿತು. ಒಂದಾದ ಮೇಲೆ ಒಂದು ಕೂಗಲು ಕಲಿಯಿತು. ಕೊನೆಗೆ ಎಣಿಸಿದರೆ ಒಂಬತ್ತು ಹುಂಜ, ಮೂರು ಹೇಂಟೆ. ಬೆಳಗಿನ ಅಜಾನ್‌ಗೂ ಒಂದು ಗಂಟೆ ಮೊದಲೇ ಒಂಬತ್ತು ಹುಂಜಗಳು ಸೇರಿ ಕೂಗಿದರೆ ಪಕ್ಕದ ಮನೆಯವರು ಎಷ್ಟು ದಿನ ಸುಮ್ಮನಿರುತ್ತಾರೆ? ನಾನಿ ಹೇಳಿದ್ದು ಒಂದೇ ಮಾತು: “ಸಬ್ ಮುರ್ಗೇ ನಿಕ್ಲೇ.” ಎಲ್ಲ ಹುಂಜಗಳೇ ಆಗಿಬಿಟ್ಟವು.

ಗಾಡಿಯವನು ಮೋಸ ಮಾಡಿದ, ಹೇಂಟೆಗಳನ್ನು ಆರಿಸಿ ತೆಗೆದು ಉಳಿದದ್ದನ್ನು ನಮಗೆ ಹಾಕಿದ ಎಂದು ಮನೆಯಲ್ಲಿ ಎಲ್ಲರೂ ತೀರ್ಮಾನಿಸಿದರು. ನಾನೂ ಹಾಗೆಯೇ ನಂಬಿದ್ದೆ. ಆಮೇಲೆ ತರಗತಿಯಲ್ಲಿ ಸಂಭವನೀಯತೆಯ ಲೆಕ್ಕ ಮಾಡುವಾಗ ನಾಣ್ಯದ ಬದಲು ಮರಿಯನ್ನು ಇಟ್ಟು ನೋಡಿದೆ. ಗಂಡು ಹೆಣ್ಣು ಎರಡೂ ಸಮ ಸಂಭವ ಎಂದುಕೊಂಡರೆ ಹನ್ನೆರಡು ಮರಿಗಳು 4,096 ರೀತಿಯಲ್ಲಿ ಬರಬಹುದು. ಅದರಲ್ಲಿ ಒಂಬತ್ತು ಅಥವಾ ಹೆಚ್ಚು ಗಂಡು ಬರುವ ರೀತಿಗಳು 299. ಅಂದರೆ ನೂರಕ್ಕೆ ಸುಮಾರು ಏಳು. ಯಾರೂ ಯಾವ ಮೋಸ ಮಾಡದಿದ್ದರೂ, ನೂರು ಮನೆಗೆ ಹನ್ನೆರಡು ಹನ್ನೆರಡು ಮರಿ ಹಂಚಿದರೆ ಏಳು ಮನೆಗಳಲ್ಲಿ ನಾನಿಯ ಕಥೆಯೇ ನಡೆಯುತ್ತದೆ. ಗಾಡಿಯವನನ್ನು ನಾವು ಸುಮ್ಮನೆ ಬೈದಿರಬಹುದು.

ಅದೇ ಲೆಕ್ಕವನ್ನು ಸಾವಿರ ಮರಿಗಳಿಗೆ ಮಾಡಿದರೆ ಬೇರೆ ಕಥೆ. ಸಾವಿರ ಮರಿಗಳಲ್ಲಿ ಗಂಡು 550 ದಾಟುವುದು ಸಾವಿರಕ್ಕೆ ಒಂದು ಸಲವೂ ಇಲ್ಲ. ದೊಡ್ಡ ಶೆಡ್ ಇರುವವನಿಗೆ ಅದೃಷ್ಟ ತಾನಾಗಿಯೇ ಸಮವಾಗುತ್ತದೆ. ಹಿತ್ತಲಲ್ಲಿ ಹನ್ನೆರಡು ಸಾಕುವವರಿಗೆ ಅದು ಲಾಟರಿ. ಸರ್ಕಾರದ ಯೋಜನೆಗಳಲ್ಲಿ, ಸಂಘಗಳಲ್ಲಿ ಹೆಂಗಸರಿಗೆ ಮರಿ ಹಂಚುವಾಗ ಹಂಚುವವರು ಸಾವಿರದ ಲೆಕ್ಕ ನೋಡುತ್ತಾರೆ, ಪಡೆಯುವವಳ ಕೈಗೆ ಬರುವುದು ಹತ್ತೋ ಹನ್ನೆರಡೋ. ಇದನ್ನು ಯಾರೂ ಮಾತಾಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

“ಹುಂಜ ಮಾರಿದರೂ ದುಡ್ಡು ಬರುತ್ತದಲ್ಲ” ಎಂದು ನ್ಯಾಮತಿಯಿಂದ ಬರುವ ನನ್ನ ಸಹಪಾಠಿ ಕೇಳಿದಳು. ಅವಳ ತಂದೆ ಕಂಪನಿಯೊಂದಕ್ಕೆ ಬ್ರಾಯ್ಲರ್ ಬೆಳೆಸಿಕೊಡುತ್ತಾರೆ. ಮರಿ, ಮೇವು ಕಂಪನಿಯದು, ಶೆಡ್ಡು ಮತ್ತು ದುಡಿಮೆ ಇವರದು. ಅಲ್ಲಿ ಗಂಡೋ ಹೆಣ್ಣೋ ಯಾರೂ ಕೇಳುವುದಿಲ್ಲ, ತೂಕ ಬಂದರೆ ಸಾಕು. ಗಂಡು ಬೇಗ ತೂಕ ಕಟ್ಟುವುದರಿಂದ ಲಾಭವೇ. ಅವಳ ಪ್ರಶ್ನೆ ಸರಿಯಾಗಿದೆ, ಹಾಗಾಗಿ ನಾನಿಯ ಲೆಕ್ಕ ಇಡುತ್ತೇನೆ. ಒಂಬತ್ತು ಹುಂಜ, ಒಂದಕ್ಕೆ 550ರ ಹಾಗೆ 4,950 ರೂಪಾಯಿ. ಗಿರಿರಾಜ ಹೇಂಟೆ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. 140 ಎಂದು ಹಿಡಿದು, ಮೊಟ್ಟೆಗೆ 10 ರೂಪಾಯಿಯಂತೆ ಮೂರು ಹೇಂಟೆಗೆ 4,200. ಒಟ್ಟು 9,150. ಆರು ಆರು ಬಂದಿದ್ದರೆ 3,300 ಮತ್ತು 8,400, ಒಟ್ಟು 11,700. ಮೇವಿನ ಖರ್ಚು ಕಳೆದರೆ ವ್ಯತ್ಯಾಸ ಇನ್ನೂ ಸಣ್ಣದಾಗುತ್ತದೆ. ಕಾಗದದ ಮೇಲೆ ನಾನಿ ಮುಳುಗಿಹೋಗಲಿಲ್ಲ ಎಂಬುದು ನಿಜ.

ಆದರೆ ಲಾಭ ನಷ್ಟದ ಖಾತೆ ಬೇರೆ, ನಗದು ಹರಿವು ಬೇರೆ ಎಂದು ನಮಗೆ ಅಕೌಂಟೆನ್ಸಿಯಲ್ಲಿ ಕಲಿಸುತ್ತಾರೆ. ಹುಂಜ ಒಂದೇ ಸಲ ಕೊಡುತ್ತದೆ, ಹೇಂಟೆ ವಾರ ವಾರ ಕೊಡುತ್ತದೆ. ಹುಂಜ ಮಾರುವುದು ಗಂಡಸರ ಕೆಲಸ, ಸಂತೆಗೆ ಒಯ್ದವನು ಮಾಮು, ದುಡ್ಡು ಬಂದದ್ದು ಮಾಮುವಿನ ಜೇಬಿಗೆ, ಹೋದದ್ದು ಬೈಕಿನ ಟೈರಿಗೆ. ಮೊಟ್ಟೆ ಮಾರುವುದು ಬಾಗಿಲಲ್ಲಿ, ನಾಲ್ಕೈದು ಮೊಟ್ಟೆ, ಐವತ್ತು ರೂಪಾಯಿ, ನಾನಿಯ ಸೆರಗಿನ ಗಂಟಿಗೆ. 4,950 ರೂಪಾಯಿ ಬಂದರೂ ನಾನಿಯ ಮಾತ್ರೆಗೆ ಅದರಲ್ಲಿ ಒಂದು ರೂಪಾಯಿ ಸಿಗಲಿಲ್ಲ. ಗಂಡು ಹೆಣ್ಣಿನ ವ್ಯತ್ಯಾಸ ಕೋಳಿಯಲ್ಲಿ ಮಾತ್ರ ಇರಲಿಲ್ಲ, ದುಡ್ಡಿನಲ್ಲೂ ಇತ್ತು.

ಈಗ ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಹೊನ್ನಾಳಿಯಿಂದ ಬರುವ ನಮ್ಮ ತರಗತಿಯ ಹುಡುಗನೊಬ್ಬ ಲವ್‌ಬರ್ಡ್ ಸಾಕುತ್ತಾನೆ. ಜೋಡಿ ಎಂದು ಕೊಂಡು ತಂದ ಎರಡು ಹಕ್ಕಿಗಳು ಗೂಡಿನ ತುಂಬ ಮೊಟ್ಟೆ ಇಟ್ಟವು, ಒಂದೂ ಒಡೆಯಲಿಲ್ಲ. ಕೊನೆಗೆ ಎದೆಯ ನಾಲ್ಕು ಪುಕ್ಕ ಕಿತ್ತು, ಲಕೋಟೆಗೆ ಹಾಕಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಕೊರಿಯರ್ ಮಾಡಿದ. ಒಂದು ಹಕ್ಕಿಗೆ 400 ರೂಪಾಯಿ. ವಾರದಲ್ಲಿ ಪ್ರಮಾಣಪತ್ರ ಬಂತು: ಎರಡೂ ಹೆಣ್ಣು! ಇದನ್ನು ಕೇಳಿದ ಕೂಡಲೇ ನನ್ನ ತಲೆಯಲ್ಲಿ ನಾನಿಯ ಮರಿಗಳು ಓಡಿದವು. ಮರಿಯ ಒಂದು ಪುಕ್ಕ ಕಳಿಸಿದರೆ ಸಾಕಿತ್ತಲ್ಲ!

ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಗೆಳತಿ ವಿವರಿಸಿದಳು. ನಮ್ಮಲ್ಲಿ ಹೆಣ್ಣಿಗೆ ಎಕ್ಸ್ ಎಕ್ಸ್, ಗಂಡಿಗೆ ಎಕ್ಸ್ ವೈ. ಹಕ್ಕಿಗಳಲ್ಲಿ ತಿರುಗುಮುರುಗು. ಗಂಡಿಗೆ ಎರಡು ಜ಼ಡ್ ವರ್ಣತಂತು, ಹೆಣ್ಣಿಗೆ ಒಂದು ಜ಼ಡ್, ಒಂದು ಡಬ್ಲ್ಯೂ. ಈ ಎರಡರಲ್ಲೂ ಸಿ.ಎಚ್.ಡಿ. ಎಂಬ ಒಂದು ಜೀನ್ ಇದೆ, ಆದರೆ ಅದರ ನಡುವಿನ ಒಂದು ತುಂಡಿನ ಉದ್ದ ಎರಡರಲ್ಲಿ ಬೇರೆ ಬೇರೆ. ಪಿ.ಸಿ.ಆರ್. ಯಂತ್ರದಲ್ಲಿ ಆ ತುಂಡನ್ನು ಲಕ್ಷಾಂತರ ಪ್ರತಿ ಮಾಡಿ ಜೆಲ್ ಮೇಲೆ ಓಡಿಸಿದರೆ ಗಂಡಿಗೆ ಒಂದು ಗೆರೆ, ಹೆಣ್ಣಿಗೆ ಎರಡು ಗೆರೆ. ಕೋವಿಡ್ ಕಾಲದಲ್ಲಿ ನಮ್ಮ ಮೂಗಿಗೆ ಕಡ್ಡಿ ಹಾಕಿ ಮಾಡಿದ್ದೂ ಇದೇ ತರಹದ ಯಂತ್ರದ ಕೆಲಸ. 1990ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಇದನ್ನು ಬಹುತೇಕ ಹಕ್ಕಿಗಳಿಗೆ ಒಗ್ಗುವಂತೆ ರೂಪಿಸಿದರು. ಹಕ್ಕಿಯ ಕೆಂಪು ರಕ್ತಕಣದಲ್ಲಿ, ನಮ್ಮದರ ಹಾಗಲ್ಲದೆ, ಕೋಶಕೇಂದ್ರ ಇರುತ್ತದೆ. ಹಾಗಾಗಿ ಒಂದೇ ಹನಿ ರಕ್ತದಲ್ಲಿ ಬೇಕಾದಷ್ಟು ಡಿ.ಎನ್.ಎ. ಸಿಗುತ್ತದೆ. ಸರಿಯಾಗಿ ಮಾಡಿದರೆ ಪರೀಕ್ಷೆ ತಪ್ಪುವುದು ಬಹಳ ಅಪರೂಪ.

ನಾನಿಯ ಪರೀಕ್ಷೆಗಳೂ ಇದ್ದವು ಅನ್ನಿ. ಚೂಪು ಮೊಟ್ಟೆಯಾದರೆ ಹುಂಜ, ದುಂಡಗಾದರೆ ಹೇಂಟೆ. ಮರಿಯ ಕಾಲು ಹಿಡಿದು ತಲೆಕೆಳಗೆ ಮಾಡಿದರೆ ತಲೆ ಎತ್ತುವುದು ಹೇಂಟೆ. ಅವರ ಲೆಕ್ಕದಲ್ಲಿ ಆ ಹದಿನಾಲ್ಕರಲ್ಲಿ ಹತ್ತು ಹೇಂಟೆ ಇತ್ತು.

ಆದರೆ 45 ರೂಪಾಯಿಯ ಮರಿಗೆ 400 ರೂಪಾಯಿಯ ಪರೀಕ್ಷೆ! ಹದಿನಾಲ್ಕು ಮರಿಗೆ 5,600 ರೂಪಾಯಿ. ಆ ದುಡ್ಡಿಗೆ ಇನ್ನೂ 124 ಮರಿ ಬರುತ್ತವೆ. ಮೇಲಾಗಿ ವರದಿ ಬರಲು ಒಂದು ವಾರ, ಅಷ್ಟರಲ್ಲಿ ಗಾಡಿಯವನು ಚಿತ್ರದುರ್ಗ ದಾಟಿರುತ್ತಾನೆ. ಲವ್‌ಬರ್ಡ್‌ಗೆ, ಗಿಳಿಗೆ ಸರಿಹೋಗುವ ಲೆಕ್ಕ ಹಿತ್ತಲ ಕೋಳಿಗೆ ಹೋಗುವುದಿಲ್ಲ. ಹೀಗಾಗಿ ನನ್ನ ಮೊದಲ ಉತ್ಸಾಹ ಅರ್ಧ ಗಂಟೆಯಲ್ಲಿ ಇಳಿಯಿತು. ನಾಳೆ ಯಾರಾದರೂ ನಮ್ಮ ತಾಲ್ಲೂಕುಗಳಿಗೆ ಬಂದು ರೈತರಿಗೆ, ಸಂಘದ ಹೆಂಗಸರಿಗೆ “ಡಿ.ಎನ್.ಎ. ಪರೀಕ್ಷಿತ ಮರಿ” ಎಂದು ಮೂರು ಪಟ್ಟು ಬೆಲೆಗೆ ಮಾರಿದರೆ ಅದನ್ನು ಕೊಳ್ಳಬೇಡಿ ಎಂದೇ ನಾನು ಹೇಳುವುದು. ಏಕೆಂದರೆ ಇದೇ ಕೆಲಸವನ್ನು ಬರಿಗೈಯಲ್ಲಿ ಮಾಡುವ ವಿದ್ಯೆ ಸುಮಾರು ನೂರು ವರ್ಷಗಳಿಂದ ಇದೆ.

ಜಪಾನಿನ ವಿಜ್ಞಾನಿಗಳು 1920ರ ದಶಕದಲ್ಲಿ ಕಂಡುಕೊಂಡದ್ದು: ಒಂದು ದಿನದ ಮರಿಯ ಗುದದ್ವಾರವನ್ನು ಮೆಲ್ಲಗೆ ಬಿಡಿಸಿ ಒಳಗಿನ ಸಾಸಿವೆಗಿಂತ ಸಣ್ಣ ಗಂಟನ್ನು ನೋಡಿ ಗಂಡೋ ಹೆಣ್ಣೋ ಹೇಳಬಹುದು. ನುರಿತವರು ಗಂಟೆಗೆ ಸಾವಿರದಷ್ಟು ಮರಿ ಬೇರ್ಪಡಿಸುತ್ತಾರೆ. ಅಲ್ಲಿ ಇದಕ್ಕೆ ಶಾಲೆಯೇ ಇದೆ, ಕಲಿತವರು ದೇಶ ವಿದೇಶಗಳಲ್ಲಿ ಕೆಲಸ ಮಾಡುತ್ತಾರೆ. ಇನ್ನೊಂದು ದಾರಿ ತಳಿಯದು. ಬೇಗ ಪುಕ್ಕ ಬರುವ ಹುಂಜಕ್ಕೆ ತಡವಾಗಿ ಪುಕ್ಕ ಬರುವ ಹೇಂಟೆಯನ್ನು ಕೂಡಿಸಿದರೆ ಹುಟ್ಟುವ ಹೆಣ್ಣು ಮರಿಗಳ ರೆಕ್ಕೆಯ ಪುಕ್ಕ ಮೊದಲ ದಿನವೇ ಉದ್ದ, ಗಂಡಿನದು ಮೋಟು. ಬಣ್ಣದಲ್ಲೂ ಹೀಗೆ ಮಾಡಬಹುದು: ಸರಿಯಾದ ಎರಡು ತಳಿ ಕೂಡಿಸಿದರೆ ಕಂದು ಮರಿಯೆಲ್ಲ ಹೆಣ್ಣು, ಹಳದಿ ಮರಿಯೆಲ್ಲ ಗಂಡು, ಕಣ್ಣಿದ್ದರೆ ಸಾಕು. ಆದರೆ ಹಾಗೆ ಬೆಸೆದ ತಳಿಯಲ್ಲಿ ಮಾತ್ರ ಇದು ನಡೆಯುತ್ತದೆ. ಇದನ್ನು ಓದಿದ ಮೇಲೆ ಪರಿಚಿತರ ಮನೆಯಲ್ಲಿ ಸಿಕ್ಕಸಿಕ್ಕ ಮರಿಯ ರೆಕ್ಕೆ ಬಿಡಿಸಿ ನೋಡಿ ಭವಿಷ್ಯ ಹೇಳಿ ನಾನು ಮರ್ಯಾದೆ ಕಳೆದುಕೊಂಡಿದ್ದೇನೆ.

ಮೊಟ್ಟೆ ಉದ್ಯಮದ ದೊಡ್ಡ ಹ್ಯಾಚರಿಗಳು ಲಿಂಗ ಬೇರ್ಪಡಿಸಿಯೇ ಮರಿ ಮಾರುತ್ತವೆ. ಸಾವಿರ, ಹತ್ತು ಸಾವಿರ ಕೊಳ್ಳುವವನಿಗೆ ಆರಿಸಿದ ಹೇಂಟೆ ಮರಿ, ಹನ್ನೆರಡು ಕೊಳ್ಳುವ ನಾನಿಗೆ ಲಾಟರಿ. ಅಪಾಯವನ್ನು ಹೊರಲಾರದವರ ತಲೆಯ ಮೇಲೆಯೇ ಅಪಾಯ ಹೊರಿಸುವುದು ಯಾವ ವ್ಯಾಪಾರ?

ಆ ಹ್ಯಾಚರಿಗಳಲ್ಲಿ ಬೇರ್ಪಡಿಸಿದ ಗಂಡು ಮರಿಗಳು ಏನಾಗುತ್ತವೆ ಎಂಬುದು ನಮಗೆಲ್ಲ ಗೊತ್ತು, ಆದರೆ ಗೊತ್ತಿದೆ ಎಂಬುದು ಗೊತ್ತಿಲ್ಲ. ಚಿಕ್ಕಂದಿನಲ್ಲಿ ಚನ್ನಗಿರಿಯ ಸಂತೆಯಲ್ಲಿ, ಉರುಸಿನಲ್ಲಿ, ಜಾತ್ರೆಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಹಸಿರು, ಗುಲಾಬಿ, ನೀಲಿ ಬಣ್ಣದ ಮರಿಗಳನ್ನು ಹತ್ತು ರೂಪಾಯಿಗೆ ಮಾರುವುದನ್ನು ನೋಡಿಲ್ಲವೇ? ಅವು ಹೆಚ್ಚಾಗಿ ಇವೇ. ಮೊಟ್ಟೆ ತಳಿಯ ಗಂಡು ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರ್‌ನ ಹಾಗೆ ಮಾಂಸವೂ ಕಟ್ಟುವುದಿಲ್ಲ. ಹುಟ್ಟಿದ ದಿನವೇ ಕೊಲ್ಲುತ್ತಾರೆ, ಇಲ್ಲವೇ ಬಣ್ಣ ಹಚ್ಚಿ ಮಕ್ಕಳಿಗೆ ಮಾರುತ್ತಾರೆ. ನನ್ನ ತಮ್ಮನ ಹಸಿರು ಮರಿ ಮೂರು ದಿನ ಬದುಕಿತ್ತು. ಅದಕ್ಕೆ ನಾವು ತೋಟದಲ್ಲಿ ಗುಂಡಿ ತೋಡಿದ್ದೆವು. ತಿನ್ನಲು ಕೊಯ್ಯುವುದು ಬೇರೆ, ಯಾತಕ್ಕೂ ಬೇಡವೆಂದು ಸಾಯಿಸುವುದು ಬೇರೆ ಎಂದು ನಾನಿ ಹೇಳುತ್ತಾರೆ. ಜರ್ಮನಿಯಲ್ಲಿ 2022ರ ಜನವರಿ 1ರಿಂದ ಹೀಗೆ ಗಂಡು ಮರಿ ಕೊಲ್ಲುವುದನ್ನು ನಿಷೇಧಿಸಿದ್ದಾರೆ. ಅಲ್ಲಿ ಈಗ ಮರಿ ಹೊರಬರುವ ಮೊದಲೇ, ಕಾವಿನ ಇಪ್ಪತ್ತೊಂದು ದಿನಗಳಲ್ಲಿ ಒಂಬತ್ತನೆಯ ದಿನದ ಹೊತ್ತಿಗೆ, ಚಿಪ್ಪಿನಲ್ಲಿ ಕೂದಲೆಳೆಯಷ್ಟು ರಂಧ್ರ ಮಾಡಿ ಒಂದು ಹನಿ ದ್ರವ ತೆಗೆದು ಲಿಂಗ ನೋಡುತ್ತಾರೆ. ಕೆಲವರು ಹಾರ್ಮೋನಿನಿಂದ, ಕೆಲವರು ಇದೇ ಡಿ.ಎನ್.ಎ. ಪರೀಕ್ಷೆಯಿಂದ. ಲಕ್ಷಗಟ್ಟಲೆ ಮೊಟ್ಟೆಗೆ ಯಂತ್ರವೇ ಮಾಡಿದಾಗ ಖರ್ಚು ಒಂದೊಂದಕ್ಕೆ ಇಳಿಯುತ್ತದೆ. ಡಿ.ಎನ್.ಎ. ಪರೀಕ್ಷೆಯ ಜಾಗ ಅದು, ದೊಡ್ಡ ಹ್ಯಾಚರಿಯ ಒಳಗೆ.

ಇಷ್ಟು ಬರೆದ ಮೇಲೆ ಒಂದು ವಿಷಯ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮ ಊರಿನ ಪ್ರತಿ ಸ್ಕ್ಯಾನಿಂಗ್ ಕೇಂದ್ರದಲ್ಲೂ ಒಂದು ಫಲಕ ಇರುತ್ತದೆ, ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ ಎಂದು. 1994ರ ಕಾಯ್ದೆ ಅದು. ಕಾಯ್ದೆ ಬಂದು ಇಷ್ಟು ವರ್ಷವಾದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಕದ್ದು ಸ್ಕ್ಯಾನಿಂಗ್ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಕೋಳಿಯಲ್ಲಿ ಹೆಣ್ಣು ಬೇಕೆಂದು ಗಂಡನ್ನು ಹುಡುಕಿ ತೆಗೆಯುತ್ತೇವೆ, ಮನುಷ್ಯರಲ್ಲಿ ತಿರುಗುಮುರುಗು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ನಾನು ಹೇಳುವುದು ಜ಼ಡ್, ಡಬ್ಲ್ಯೂಗಳ ಬಗ್ಗೆ. ಹಕ್ಕಿಗಳಲ್ಲಿ ಮರಿಯ ಲಿಂಗ ತೀರ್ಮಾನವಾಗುವುದು ತಾಯಿಯ ಮೊಟ್ಟೆಯಿಂದ, ಅವಳ ಬಳಿ ತಾನೇ ಎರಡು ಬಗೆ ಇರುವುದು. ಮನುಷ್ಯರಲ್ಲಿ ತಂದೆಯಿಂದ. ಹೊನ್ನಾಳಿಯ ಕಡೆ ನನ್ನ ಒಬ್ಬ ಖಾಲಾ ಇದ್ದಾರೆ, ಮೂರು ಹೆಣ್ಣು ಮಕ್ಕಳ ತಾಯಿ. ಮೂರನೆಯವಳು ಹುಟ್ಟಿದಾಗ ಅವರಿಗೆ ಕೇಳಿಸಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ತಾಯಿಯನ್ನು ಬೈಯುವುದೇ ಆದರೆ ಆ ಮಾತು ಕೋಳಿಗೆ ಸರಿಹೋಗುತ್ತದೆ, ಖಾಲಾಗೆ ಅಲ್ಲ. ಇದನ್ನು ನಾನು ಮನೆಯಲ್ಲಿ ಉರ್ದುವಿನಲ್ಲಿ, ವರ್ಣತಂತು ಎಂಬ ಪದಕ್ಕೆ ಏನೂ ಸಿಗದೆ ಬೆರಳು ಮಡಿಸಿ ಮಡಿಸಿ ವಿವರಿಸಿದೆ. ನಾನಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ “ಇದನ್ನು ಹನ್ನೆರಡು ವರ್ಷದ ಹಿಂದೆ ಯಾರೂ ಯಾಕೆ ಹೇಳಲಿಲ್ಲ” ಎಂದರು. ಖಾಲಾಳ ಮೂರನೆಯ ಮಗಳಿಗೆ ಈಗ ಹನ್ನೆರಡು.

ಇನ್ನು ನಾನು ಕೇಳುವುದೇನು? ಗಿರಿರಾಜ ನಮ್ಮದೇ ರಾಜ್ಯದ ತಳಿ, ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಲ್ಲಿ ಸಾಕುವವರಿಗೆಂದೇ ರೂಪಿಸಿದ್ದು. ಆಮೇಲೆ ಸ್ವರ್ಣಧಾರ ಬಂತು, ಅದು ಇನ್ನೂ ಹೆಚ್ಚು ಮೊಟ್ಟೆ ಇಡುತ್ತದೆ. ಅಷ್ಟು ಕಷ್ಟಪಟ್ಟು ತಳಿ ಮಾಡಿದವರು ಇನ್ನೊಂದು ಹೆಜ್ಜೆ ಇಡಬೇಕು. ಮೊದಲ ದಿನವೇ ಬಣ್ಣದಿಂದಲೋ ಪುಕ್ಕದಿಂದಲೋ ಗುರುತಾಗುವ ಹಿತ್ತಲ ತಳಿ ನಮ್ಮ ಊರಿನ ಅಂಗಡಿಗೆ ಬರಬೇಕು. ಅದು ಬರುವವರೆಗೆ, ಹೆಂಗಸರಿಗೆ ಮರಿ ಹಂಚುವ ಯಾವ ಯೋಜನೆಯೇ ಆಗಲಿ, ಕೈಯಿಂದ ಲಿಂಗ ಬೇರ್ಪಡಿಸಿ ಹಂಚಲಿ, ರಸೀದಿಯಲ್ಲಿ ಹೆಣ್ಣೆಷ್ಟು ಗಂಡೆಷ್ಟು ಎಂದು ಬರೆಯಲಿ. ಬೇರ್ಪಡಿಸುವವರು ಎಲ್ಲಿಂದ ಬರಬೇಕು ಎಂದು ಕೇಳಿದರೆ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ನ್ಯಾಮತಿಯಿಂದ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ಗಂಟೆ. ಪಿ.ಯು.ಸಿ. ಮುಗಿಸಿ ಮನೆಯಲ್ಲಿ ಕೂರುವ ನಮ್ಮಂಥ ಹುಡುಗಿಯರಿಗೆ ಅಲ್ಲಿ ಕೆಲವು ತಿಂಗಳ ತರಬೇತಿ ಕೊಡಲಿ. ಸಣ್ಣ ಕೈ, ಚುರುಕು ಕಣ್ಣು, ತಾಳ್ಮೆ ಬೇಕಾದ ಕೆಲಸ. ಕಸೂತಿ, ಜರಿ ಕೆಲಸ ಮಾಡುವ ಕೈಗಳು ನಮ್ಮ ಮೊಹಲ್ಲಾಗಳಲ್ಲಿ ಎಷ್ಟಿವೆ! ಅವರು ಸರಿಯಾಗಿ ಬೇರ್ಪಡಿಸಿದ್ದಾರೋ ಇಲ್ಲವೋ ಎಂದು ನೋಡಲು ಬುಟ್ಟಿಯಿಂದ ಐವತ್ತು ಮರಿ ತೆಗೆದು ಡಿ.ಎನ್.ಎ. ಪರೀಕ್ಷೆ ಮಾಡಲಿ, ನಾವು ಲೆಕ್ಕಪರಿಶೋಧನೆಯಲ್ಲಿ ಮಾದರಿ ತೆಗೆದು ಪರೀಕ್ಷಿಸುವ ಹಾಗೆ. ಆಗ ಖರ್ಚು ಸಾವಿರಾರು ಮರಿಗಳ ಮೇಲೆ ಹಂಚಿಹೋಗುತ್ತದೆ.

ಎಲ್ಲರೂ ಹೇಂಟೆ ಕೇಳಿದರೆ ಗಂಡು ಮರಿ ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಳ್ಳುವುದು ಸರಿಯಲ್ಲ. ಗಿರಿರಾಜದ ಗಂಡು ಮೊಟ್ಟೆ ತಳಿಯ ಗಂಡಿನಂತಲ್ಲ, ಒಳ್ಳೆಯ ತೂಕ ಕಟ್ಟುತ್ತದೆ, ರುಚಿಗೆ ನಾಟಿಯ ಹತ್ತಿರ ಎಂದು ಜನ ಹುಡುಕಿಕೊಂಡು ಬರುತ್ತಾರೆ. ಹೇಂಟೆ ಮರಿಗೆ 60, ಗಂಡಿಗೆ 30 ಎಂದು ಬೆಲೆ ಬೇರೆ ಮಾಡಿದರೆ ಮಾಂಸಕ್ಕೆ ಬೆಳೆಸುವವರು ತಾವಾಗಿಯೇ ಗಂಡು ಒಯ್ಯುತ್ತಾರೆ. ನ್ಯಾಮತಿಯ ಗೆಳತಿಯ ತಂದೆ ಇದನ್ನು ಕೇಳಿ “ಮೂವತ್ತಕ್ಕೆ ಸಿಕ್ಕರೆ ಇನ್ನೂರು ನನಗೇ ಇರಲಿ” ಎಂದರಂತೆ. ಒಬ್ಬರ ಮಾತು ಮಾರುಕಟ್ಟೆಯಲ್ಲ, ಒಪ್ಪುತ್ತೇನೆ. 60 ಕೊಡಲಾಗದ ಮನೆಯೂ ಇರುತ್ತದೆ. ಅಂಥವರು ಈಗಿನಂತೆ ಬೆರಕೆ ಮರಿಯನ್ನೇ 45ಕ್ಕೆ ಕೊಳ್ಳಲಿ, ಆದರೆ ತಿಳಿದು ಕೊಳ್ಳಲಿ.

2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದಾರೆ. ನಾನಿಯ ಮನೆಯ ಎದುರೇ ಶಾಲೆ. ಅಲ್ಲಿ ಬೇಯುವ ಮೊಟ್ಟೆ ಫಾರಂನಿಂದ ಟ್ರೇ ಟ್ರೇ ಬರುತ್ತದೆ, ನಾನಿಯ ಮೂರು ಹೇಂಟೆಗಳು ಕಾಂಪೌಂಡಿನ ಹೊರಗೆ ಕೆದಕುತ್ತಿರುತ್ತವೆ. ಇದನ್ನು ನೋಡಿದಾಗಲೆಲ್ಲ ನಾನಿಯ ಲೆಕ್ಕ ನನ್ನದಕ್ಕಿಂತ ವೇಗವಾಗಿ ಓಡುತ್ತದೆ.

ಮುಂದಿನ ತಿಂಗಳು ಮತ್ತೆ ಮರಿ ತರಬೇಕಂತೆ. ಈ ಸಲ ಗಾಡಿಯವನ ಬಳಿ ಬೇಡ, ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸು, ಹೆಣ್ಣೆಷ್ಟು ಗಂಡೆಷ್ಟು ಎಂದು ಬರೆಸಿಕೊಂಡು ಬಾ ಎಂದು ನನಗೆ ಫೋನ್ ಬಂದಿದೆ. ಬರೆದುಕೊಡುವುದಿಲ್ಲ ಎಂದರೆ ಏನು ಮಾಡಲಿ ಎಂದು ಕೇಳಿದೆ. “ಯಾಕೆ ಬರೆಯುವುದಿಲ್ಲ ಅಂತ ಬರೆಸಿಕೊಂಡು ಬಾ” ಎಂದರು.